ಮುಚ್ಚಳದ ಬಳೆ

ಬೆಂಗೇರಿ, ಹುಬ್ಬಳ್ಳಿ
14 ಜೂನ್ 1961

ಮುತ್ತವ್ವಾ,

ನೀನು ಸುಖವಾಗಿದ್ದೀ ಎಂದು ನಿನ್ನ ಮಾವನವರು ಕಾರ್ಡು ಬರೆದಿದ್ದಾರೆ. ನೀನೇ ಬರೆದಿದ್ದರೆ ನಂಬುತ್ತಿದ್ದೆ. ಈ ಕಾಗದವನ್ನೂ ನಿನಗಿಂತ ಮೊದಲು ಅವರೇ ಒಡೆದು ಓದುತ್ತಾರೆಂದು ಗೊತ್ತು. ಬೀಗರೇ, ನಿಮಗೂ ನಮಸ್ಕಾರ. ನಿಮ್ಮ ಅಕ್ಕಿ ಗಿರಣಿಯ ಬೆಲ್ಟು ಸರಿಹೋಯಿತೆಂದು ಕೇಳಿ ಸಂತೋಷವಾಯಿತು.

ನಾಳಿನ ಗೂಡ್ಸ್ ಗಾಡಿಗೆ ಮುಗದ ಸ್ಟೇಶನ್ನಿಗೆ ಒಂದು ಕಟ್ಟಿಗೆಯ ಪೆಟ್ಟಿಗೆ ಬರುತ್ತದೆ. ಒಳಗಿರುವುದು ಪಾತ್ರೆ-ಭಾಂಡೆ ತೊಳೆಯುವ ಮಿಶನ್ನು. ನಗಬೇಡ. ಕೇಶ್ವಾಪುರದ ಬಂಗಲೆ ಖಾಲಿ ಮಾಡಿ ವಿಲಾಯತಿಗೆ ಹೊರಟ ಸಾಹೇಬನ ಹೆಂಡತಿ ಸಾಮಾನು ಹರಾಜಿಗಿಟ್ಟಿದ್ದಳು. ಭಾಂಡೆ ಬಾಡಿಗೆ ಕೊಡುವ ನಮ್ಮ ಅಂಗಡಿಗೆ ಚೀನಿ ತಾಟು ಸಿಕ್ಕಾವೆಂದು ಹೋದೆ. ತಾಟಿಗೆ ಊರೇ ಬಂದಿತ್ತು. ಮೂಲೆಯಲ್ಲಿ ಬಿಳಿ ಪೀಪಾಯಿಯ ಹಾಗೆ ಇದು ನಿಂತಿತ್ತು, ಯಾರೂ ಮುಖ ಎತ್ತಿ ನೋಡಲಿಲ್ಲ. ಯಾರೂ ನೋಡದ ವಸ್ತುವನ್ನು ನಾನು ನೋಡುತ್ತೇನೆ, ನನ್ನ ಹೊಟ್ಟೆ ತುಂಬಿದ್ದೇ ಆ ಕಣ್ಣಿನಿಂದ.

ಮೇಲೆ ಮುಚ್ಚಳ. ಮುಚ್ಚಳದ ಅಂಚಿಗೆ ಕರಿ ರಬ್ಬರಿನ ಬಳೆ, ನೀರು ಹೊರಗೆ ಸಿಡಿಯದ ಹಾಗೆ. ಒಳಗೆ ತಂತಿಯ ಜಾಳಿಗೆ, ತಳದಲ್ಲಿ ಒಂದು ಫಿರಕಿ. ಜಾಳಿಗೆಯಲ್ಲಿ ಭಾಂಡೆ ಜೋಡಿಸಿ, ಕುದಿಯುವ ನೀರು ಹೊಯ್ದು, ಮುಚ್ಚಿ, ಗುಂಡಿ ಒತ್ತಿದರೆ ಫಿರಕಿ ತಿರುಗಿ ನೀರನ್ನು ಭಾಂಡೆಗಳ ಮುಖಕ್ಕೆ ಎರಚುತ್ತದೆ. ಮೋಟಾರ್ ರಿಪೇರಿಯ ಮಕಬೂಲಸಾಬನಿಂದ ಬಿಚ್ಚಿಸಿ, ಎಣ್ಣೆ ಹಾಕಿಸಿ, ನಡೆಸಿ ನೋಡಿಯೇ ಕಳಿಸಿದ್ದೇನೆ.

ಯಾಕೆ ಎಂದು ಬೀಗರಿಗೂ ತಿಳಿಯಲಿ. ನಿಶ್ಚಯದ ದಿನ ಹತ್ತು ಜನರ ಮುಂದೆ ಒಪ್ಪಿದಿರಿ: ಹುಡುಗಿ ಏಳನೆಯ ಇಯತ್ತೆಯ ಮುಲ್ಕಿ ಪಾಸಾದವಳು, ಒಂದು ವರ್ಷ ಮನೆ ನೋಡಲಿ, ಆಮೇಲೆ ಧಾರವಾಡದ ಟ್ರೇನಿಂಗ್ ಕಾಲೇಜಿಗೆ ಕಳಿಸೋಣ, ಸಾಲಿಯಲ್ಲಿ ಕಲಿಸುವವಳಾಗಲಿ ಎಂದು. ಮದುವೆಯಾದ ಮೇಲೆ ಆ ಮಾತಿಗೆ ಬಾಲ ಹುಟ್ಟಿತು. "ಆಕಿ ಹೋದ್ರ ಇಷ್ಟ ಮಂದಿ ಮುಸುರಿ ಯಾರು ತಿಕ್ಕಾವ್ರು?" ಇಗೋ, ತಿಕ್ಕುವವನನ್ನು ಪೆಟ್ಟಿಗೆಯಲ್ಲಿಟ್ಟು ಕಳಿಸಿದ್ದೇನೆ. ಊಟ ಬೇಡುವುದಿಲ್ಲ, ಹಬ್ಬಕ್ಕೆ ಸೀರೆ ಬೇಡುವುದಿಲ್ಲ.

ಒಂದು ಕಟ್ಟಳೆ ಮಾತ್ರ. ನಮ್ಮ ಅಂಗಡಿಯಿಂದ ಮದುವೆಮನೆಗೆ ಭಾಂಡೆ ಹೋದರೆ ಆ ಮನೆಯವರು ಒಬ್ಬರನ್ನು ತೋರಿಸಬೇಕು. ಎಣಿಸಿಕೊಳ್ಳುವುದು, ಕೊಡುವುದು, ತಿರುಗಿ ತರುವುದು ಎಲ್ಲ ಅವರದೇ ಕೈ. ಹತ್ತು ಕೈ ತಾಗಿದ ಬೋಗುಣಿ ಅಂಚು ಹೋಗಿ ಬೋಳಾಗಿ ಬರುತ್ತದೆ. ಮಿಶನ್ನಿಗೂ ಅದೇ. ಮುತ್ತವ್ವನ ಕೈ ಬಿಟ್ಟು ಬೇರೆ ಕೈ ಇದಕ್ಕೆ ತಾಗಕೂಡದು. ಮಿಶನ್ನು ಇದ್ದಲ್ಲಿ ಅವಳು, ಅವಳು ಇದ್ದಲ್ಲಿ ಮಿಶನ್ನು. ಬೀಗರೇ, ಈ ಸಾಲನ್ನು ಎರಡು ಸಲ ಓದಿರಿ.

ನಿನ್ನ ಅವ್ವ
ಸಂಗವ್ವ


ಮುಗದ
2 ಜುಲೈ 1961

ಅವ್ವಾ,

ಮಿಶನ್ನು ಬಂತು. ಎರಡು ಚಕ್ಕಡಿ ಹೂಡಿದರು, ಒಂದು ಅದಕ್ಕೆ, ಒಂದು ನೋಡುವವರಿಗೆ. ಗಿರಣಿಯ ಕರೆಂಟಿನಿಂದ ಅಡಿಗೆಮನೆಗೆ ತಂತಿ ಎಳೆಸಿದರು. ಮೊದಲ ದಿನ ಮಾವ ಊರ ಲೆಕ್ಕ ಬರೆಯುವ ತಲಾಠಿಯನ್ನೂ ಸ್ಟೇಶನ್ ಮಾಸ್ತರರನ್ನೂ ಚಹಾಕ್ಕೆ ಕರೆದಿದ್ದರು. ಅವರ ಕಪ್ಪು-ಬಸಿಯನ್ನು ಅವರೆದುರೇ ತೊಳೆದು ತೋರಿಸಬೇಕೆಂದು.

ನಾನು ಬಟ್ಟೆ ಒಗೆಯುವ ಸಬಕಾರ ಹೆರೆದು ಹಾಕಿದೆ. ಮುಚ್ಚಳದ ಸಂದಿಯಿಂದ, ಕೆಳಗಿನ ನಳಿಗೆಯಿಂದ, ಎಲ್ಲೆಲ್ಲಿಂದಲೂ ಬುರುಗು ಬಂತು. ನೆಲ ತುಂಬಿತು, ಹೊಸ್ತಿಲು ದಾಟಿತು. ತಲಾಠಿಯವರು ಕಾಲು ಮೇಲೆತ್ತಿ ಕುರ್ಚಿಯಲ್ಲಿ ಕುಳಿತರು. ಮಾವನ ಮುಖ ಕೆಂಪಾಗಿತ್ತು. ಆಗ ಅತ್ತೆ ಒಳಗಿನಿಂದ ಅಂದರು, "ಹೊಸಾ ಮನ್ಯಾಗ ಹಾಲು ಉಕ್ಕಿಸ್ತಾರಲ್ಲ, ಹಂಗ ಅನ್ಕೋರಿ. ಛಲೋ ಆತು." ಎಲ್ಲರೂ ನಕ್ಕರು. ಅತ್ತೆ ಇಷ್ಟು ಮಾತಾಡಿದ್ದು ನಾನು ಬಂದಮೇಲೆ ಅದೇ ಮೊದಲು.

ಮರುದಿನ ಬಟ್ಟೆಯ ಸೋಡಾ ಹಾಕಿ ತೊಳೆದೆ. ಅವ್ವಾ, ಆ ಕಪ್ಪುಗಳನ್ನು ನೀನು ನೋಡಬೇಕಿತ್ತು. ಚಹಾದ ಕಲೆ ಇಲ್ಲ, ತುಪ್ಪದ ಜಿಡ್ಡಿಲ್ಲ, ಬೂದಿಯ ವಾಸನೆಯಿಲ್ಲ. ಅತ್ತೆ ಒಂದು ಕಪ್ಪನ್ನು ಬೆಳಕಿಗೆ ಹಿಡಿದು ಒಳಗೆ ಬೆರಳಾಡಿಸಿದರು. ಕಪ್ಪನ್ನು ಕೆಳಗಿಟ್ಟರು. ಆಮೇಲೆ ಹಿತ್ತಲಿಗೆ ಹೋಗಿ ಭಾಂಡೆ ತಿಕ್ಕುವ ಕಲ್ಲಿನ ಹತ್ತಿರ ಕುಳಿತರು. ಅಲ್ಲಿ ತಿಕ್ಕಲಿಕ್ಕೆ ಏನೂ ಇರಲಿಲ್ಲ. ಆ ಕಲ್ಲು ನಮ್ಮದೂ ಪಕ್ಕದ ಗುಡ್ಡವ್ವನ ಮನೆಯದೂ ಕೂಡಿಯೇ ಇದೆ. ಅವರಿಬ್ಬರೂ ಇಪ್ಪತ್ತು ವರ್ಷದಿಂದ ಅಲ್ಲಿ ಎದುರುಬದುರು ಕುಳಿತು ತಿಕ್ಕಿದವರಂತೆ. ಅತ್ತೆ ಮನೆ ಬಿಟ್ಟು ಹೊರಗೆ ಹೋಗುವುದೆಂದರೆ ಅಷ್ಟೇ.

ಮುಂದಿನ ಜೂನಿಗೆ ಟ್ರೇನಿಂಗ್ ಅರ್ಜಿ ಎಂದು ಮಾವನಿಗೆ ನೆನಪಿಸಿದೆ. ನೋಡೋಣು ಅಂದರು.

ಮುತ್ತವ್ವ


ಬೆಂಗೇರಿ
20 ಜುಲೈ 1961

ಮುತ್ತವ್ವಾ,

ನೋಡೋಣು ಎನ್ನುವುದು ಗಿರಾಕಿಯ ಮಾತು. ಕೊಳ್ಳದವರು ಆಡುವ ಮಾತು. ಬೀಗರು ಹಾಗಲ್ಲವೆಂದು ನನಗೆ ಗೊತ್ತು. (ಬೀಗರೇ, ಓದಿದಿರಲ್ಲ?)

ವಸ್ತು ಹೊಸದಾಗಿ ಬಂದಾಗ ಎಡಕ್ಕೆ ಗುಣ, ಬಲಕ್ಕೆ ದೋಷ ಇಟ್ಟು ತೂಗಬೇಕು. ಮಕಬೂಲಸಾಬನನ್ನು ಕೇಳಿ ಬರೆಯುತ್ತಿದ್ದೇನೆ. ಚೀನಿ, ಗಾಜು, ಸ್ಟೀಲು ಇವನ್ನು ಮನುಷ್ಯರಿಗಿಂತ ಚೆನ್ನಾಗಿ ತೊಳೆಯುತ್ತದೆ. ಕೈಗೆ ಒಡಕು ಬರುವುದಿಲ್ಲ. ಯಾರ ಎಂಜಲು ಎಂದು ಕೇಳುವುದಿಲ್ಲ, ಇದು ದೊಡ್ಡ ಗುಣ. ಹಿಂದೆ ನಾನು ಮುಸುರಿ ತಿಕ್ಕಿದ ಮನೆಗಳಲ್ಲಿ ನನ್ನ ಕೈ ತಾಗಿದ ಭಾಂಡೆಗೆ ಮತ್ತೆ ನೀರು ಚಿಮುಕಿಸಿ ಒಳಗೆ ಒಯ್ಯುತ್ತಿದ್ದರು. ಮಿಶನ್ನಿಗೆ ಯಾರೂ ನೀರು ಚಿಮುಕಿಸುವುದಿಲ್ಲ.

ದೋಷ ಹೇಳುತ್ತೇನೆ. ಜರ್ಮನ್ ಬೋಗುಣಿಗಳನ್ನು, ಅಲ್ಯುಮಿನಿಯಮ್ ಎನ್ನುತ್ತಾರಲ್ಲ ಅವನ್ನು, ಹಾಕಬೇಡ. ಸೋಡಾಕ್ಕೆ ಕಪ್ಪಾಗುತ್ತವೆ. ಕಲಾಯಿಯ ಹಿತ್ತಾಳಿ ಹಾಕಬೇಡ, ಕಲಾಯಿ ಮಾಸುತ್ತದೆ. ತಳ ಹತ್ತಿದ ಅನ್ನ, ಒಣಗಿದ ಝುಣಕ ಅದರ ಕೈಲಾಗದು, ಮೊದಲೇ ಕೆರೆದು ಹಾಕು. ಕೊಡ, ಹಂಡೆ ಒಳಗೆ ಹಿಡಿಸುವುದಿಲ್ಲ.

ಇಷ್ಟು ದೋಷ ಯಾವ ಅಳಿಯನಲ್ಲಿ ಇರುವುದಿಲ್ಲ ಹೇಳು. ನಡೆಸಿಕೊಂಡು ಹೋಗು. ಬೇಸಿಗೆ ಬರುವುದರೊಳಗೆ ಮನೆಯವರಿಗೆ ರೂಢಿಯಾಗಲಿ.

ಸಂಗವ್ವ


ಮುಗದ
18 ಜನವರಿ 1962

ಅವ್ವಾ,

ಇದನ್ನು ನಿನ್ನ ಅಳಿಯಂದಿರು ತಾವೇ ಸ್ಟೇಶನ್ನಿನ ಡಬ್ಬಿಗೆ ಹಾಕುತ್ತಾರೆ. ಮಾವನ ಕಣ್ಣಿಗೆ ಬೀಳುವುದಿಲ್ಲ, ಅದಕ್ಕೆ ಇಷ್ಟು ಬರೆಯುತ್ತಿದ್ದೇನೆ.

ನೀನು ಬಲಕ್ಕೆ ಬರೆಯದ ದೋಷಗಳಿವೆ. ಮಿಶನ್ನಿಗೆ ನೀರು ಸೇದುವವರು ಯಾರು? ಕಾಯಿಸುವವರು ಯಾರು? ಬಾವಿಯಿಂದ ಹಂಡೆಗೆ, ಹಂಡೆಯಿಂದ ಮಿಶನ್ನಿಗೆ, ಸೋಡಾದ ನೀರು ಬಿಟ್ಟು ಮತ್ತೆ ತೊಳೆಯುವ ನೀರು. ಕಲ್ಲಿನ ಮೇಲೆ ತಿಕ್ಕಿದರೆ ಇದರ ಅರ್ಧ ನೀರು ಸಾಕು. ಕೆರೆದು ಹಾಕಬೇಕು, ಜೋಡಿಸಬೇಕು, ಅದು ತಿರುಗುವಷ್ಟು ಹೊತ್ತು ಮುಚ್ಚಳದ ಮೇಲೆ ಕೈಯಿಟ್ಟು ನಿಲ್ಲಬೇಕು, ಇಲ್ಲದಿದ್ದರೆ ಕುಣಿಯುತ್ತದೆ. ಆಮೇಲೆ ಒರೆಸಬೇಕು, ನೆಲ ಬಳಿಯಬೇಕು. ಜರ್ಮನ್ನು, ಹಿತ್ತಾಳಿ ಹೇಗೂ ಕೈಯಿಂದಲೇ. ಇದು ಕೆಲಸವನ್ನು ಕಡಿಮೆ ಮಾಡಿಲ್ಲ, ಒಳಗೆ ತಂದಿದೆ. ಹಿತ್ತಲಲ್ಲಾದರೆ ಆಕಾಶ ಕಾಣುತ್ತಿತ್ತು, ಗುಡ್ಡವ್ವ ಎರಡು ಮಾತಾಡುತ್ತಿದ್ದಳು. ಈಗ ಅಡಿಗೆಮನೆಯ ಮೂಲೆ, ಅದರ ಗುರುಗುರು, ನಾನು.

ಮಾವನಿಗೆ ಅದು ತಮ್ಮ ಗಿರಣಿಯ ಹಾಗೆಯೇ ಒಂದು ಗಿರಣಿ. ಭತ್ತ ತರುವ ರೈತರಿಗೆಲ್ಲ ಈಗ ಕಪ್ಪು-ಬಸಿಯಲ್ಲಿ ಚಹಾ. ಮೊದಲು ಯಾರಿಗೂ ಕೊಡುತ್ತಿರಲಿಲ್ಲ. ಊರಲ್ಲಿ ಯಾರ ಮನೆಗೆ ಬೀಗರು ಬಂದರೂ ಅವರ ತಾಟು ನಮ್ಮ ಮನೆಗೆ ಬರುತ್ತವೆ. "ಕಳಸ್ರಿ ಕಳಸ್ರಿ, ನಮ್ಮನಿ ಮಿಶನ್ ಎದಕ್ಕ ಐತಿ" ಅನ್ನುತ್ತಾರೆ. ತೊಳೆಯುವುದು ಸುಲಭವಾದ ಮೇಲೆ ಹೊಲಸು ಮಾಡುವುದೂ ಸುಲಭವಾಗಿದೆ.

ಸಂಕ್ರಾಂತಿಯ ಮುಂದೆ ನನಗೆ ಜ್ವರ ಬಂತು. ಇವರು ತಾವೇ ಮಿಶನ್ನು ಹಚ್ಚುತ್ತೇನೆ ಎಂದು ಎದ್ದರು. ಮಾವ ಬಾಗಿಲಲ್ಲಿ ನಿಂತು ಅಂದರು, "ಹುಲಗಪ್ಪಾ, ಕೈ ಹಚ್ಚಬ್ಯಾಡ. ಬೀಗರು ಹೇಳಿ ಕಳಿಸ್ಯಾರ, ಆಕಿ ಕೈ ಬಿಟ್ಟು ಬ್ಯಾರೆ ಕೈ ತಾಗಬಾರದು ಅಂತ. ಕೊಟ್ಟವರ ಮಾತು ಮೀರಬಾರದು." ನನ್ನನ್ನು ಎಬ್ಬಿಸಿದರು. ಅವ್ವಾ, ನಿನ್ನ ಕಾಗದವನ್ನು ಅವರು ಮಡಿಚಿ ದೇವರ ಮನೆಯ ಗೂಡಿನಲ್ಲಿ ಇಟ್ಟಿದ್ದಾರೆ. ಎರಡು ಸಲ ಅಲ್ಲ, ಬಂದವರಿಗೆಲ್ಲ ಓದಿ ತೋರಿಸುತ್ತಾರೆ.

ಅತ್ತೆ ಎದ್ದು ಬಂದು ನನ್ನ ಪಕ್ಕದಲ್ಲಿ ನಿಂತರು. ಮಿಶನ್ನು ಮುಟ್ಟಲಿಲ್ಲ. ಅದು ನಿಲ್ಲುವವರೆಗೂ ನಿಂತಿದ್ದರು.

ಮುತ್ತವ್ವ


ಬೆಂಗೇರಿ
3 ಫೆಬ್ರುವರಿ 1962

ಬೀಗರಾದ ಗಿರಿಯಪ್ಪನವರ ಸನ್ನಿಧಿಗೆ ಸಂಗವ್ವನ ವಿನಂತಿ.

ನಾನು ಓದಿದವಳಲ್ಲ. ಬಾಡಿಗೆಯ ಭಾಂಡೆಗಳ ಮೇಲೆ ಚುಕ್ಕಿ ಚುಕ್ಕಿಯಾಗಿ ಹೊಡೆದ ಹೆಸರುಗಳನ್ನು ನೋಡಿ ನೋಡಿ ಅಕ್ಷರ ಕಲಿತವಳು. ಹಾಗಾಗಿ ಬರೆಯುವಾಗ ಹಿತ್ತಾಳಿಯ ಮೇಲೆ ಹೊಡೆದ ಹಾಗೆ ಬರೆದುಬಿಡುತ್ತೇನೆ. ಮಿಶನ್ನಿನ ವಿಷಯದಲ್ಲಿ ಒಂದೇ ಕೈ ಎಂದು ಬರೆದದ್ದು ಅಂಗಡಿಯ ರೂಢಿ. ಅಂಗಡಿಯ ಮಾತನ್ನು ಮನೆಗೆ ಬರೆದದ್ದು ನನ್ನ ತಪ್ಪು. ಅಳಿಯಂದಿರು ಕಲಿಯಲಿ, ಬೀಗತಿಯವರು ಬೇಕಾದರೆ ಕಲಿಯಲಿ. ನನ್ನ ಕಟ್ಟಳೆಯನ್ನು ನಾನೇ ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಜೂನಿನಲ್ಲಿ ಮುತ್ತವ್ವನ ಅರ್ಜಿ ಹಾಕಿಸುವುದು ತಮಗೆ ನೆನಪಿದೆ ಎಂದು ನಂಬಿದ್ದೇನೆ.

ಸಂಗವ್ವ


ಮುಗದ
24 ಜೂನ್ 1962

ಅವ್ವಾ,

ಅರ್ಜಿ ಹಾಕುವ ದಿನ ಹೋಯಿತು.

ನೀನು ಬರೆದದ್ದನ್ನು ಮಾವ ಓದಿದರು. "ದೊಡ್ಡ ಮನಸ್ಸಿನವರು, ಸಂಕೋಚಕ್ಕ ಹಂಗ ಬರದಾರ" ಅಂದರು. ಹಳೆಯ ಕಾಗದ ಗೂಡಿನಲ್ಲೇ ಇದೆ, ಹೊಸದು ಎಲ್ಲಿದೆಯೋ ಗೊತ್ತಿಲ್ಲ. ಟ್ರೇನಿಂಗ್ ಮಾತು ತೆಗೆದೆ. ಬೈಯಲಿಲ್ಲ. ಬೈದಿದ್ದರೆ ಎದುರು ಆಡಬಹುದಿತ್ತು. ತಾವೇ ಮಿಶನ್ನಿನ ಮುಚ್ಚಳ ಸವರುತ್ತ ಅಂದರು, "ನಾ ಬ್ಯಾಡ ಅಂದಿಲ್ಲವಾ. ಆದರ ಎರಡು ವರ್ಷ ಇದು ಸುಮ್ನ ಕುಂತ್ರ ತುಕ್ಕು ಹಿಡೀತೈತಿ. ಬೀಗರು ಏನನ್ಕೋತಾರ? ಇದ್ರ ಕೈ ನೀನ ಅದೀ. ಮಿಶನ್ ಇದ್ದಲ್ಲೆ ಆಕಿ ಅಂತ ಅವರ ಬರದಾರಲ್ಲ."

ಪಂಚಮಿಗೂ ತವರಿಗೆ ಕಳಿಸುವುದು ಅನುಮಾನ. ಹಬ್ಬದ ದಿನ ಹತ್ತು ಮನೆಯ ತಾಟು ಬರುತ್ತವಂತೆ.

ಇವರು ರಾತ್ರಿ ಊಟಕ್ಕೆ ತಾಟು ಬೇಡ, ಅಂಗೈ ಮೇಲೆ ರೊಟ್ಟಿ ಹಾಕು ಅನ್ನುತ್ತಾರೆ. ಒಂದು ತಾಟಾದರೂ ಕಡಿಮೆಯಾಗಲಿ ಎಂದು. ಅಷ್ಟೇ ಅವರ ಕೈಲಾಗುವುದು.

ಮುತ್ತವ್ವ


ಬೆಂಗೇರಿ
9 ಆಗಸ್ಟ್ 1962

ಮುತ್ತವ್ವಾ,

ಪಂಚಮಿಗೆ ಶೇಂಗಾದ ಉಂಡಿ, ಎಳ್ಳಿನ ಉಂಡಿ ಕಟ್ಟಿದ್ದೆ. ನಿನ್ನನ್ನು ಕರೆಯಲು ಬಂದ ಆಳು ಬರಿಗೈಲಿ ತಿರುಗಿ ಬಂದ. ಬೇವಿನ ಗಿಡಕ್ಕೆ ಜೋಕಾಲಿ ಹಾಕಿಸಿದ್ದೆ. ತೂಗುವವರಿಲ್ಲ. ಬಿಚ್ಚಿ ಆ ಹಗ್ಗದಿಂದ ಒಂದು ಮದುವೆಯ ಭಾಂಡೆ ಕಟ್ಟಿ ಕಳಿಸಿದೆ.

ಉಂಡಿ ಕಳಿಸಿದ್ದೇನೆ. ಬೀಗರು ತಿನ್ನಲಿ.

ಸಂಗವ್ವ


ಮುಗದ
4 ಮೇ 1963

ಅವ್ವಾ,

ಎಷ್ಟೋ ತಿಂಗಳಿಂದ ನಾನೂ ಬರೆಯಲಿಲ್ಲ, ನೀನೂ ಬರೆಯಲಿಲ್ಲ. ಇದು ಸಮಾಚಾರ, ಅದಕ್ಕೆ ಬರೆಯುತ್ತಿದ್ದೇನೆ.

ಮಿಶನ್ನು ನಿಂತಿದೆ. ಮೊನ್ನೆ ಬೆಳಿಗ್ಗೆ ಗುಂಡಿ ಒತ್ತಿದ ಕೂಡಲೇ ಮುಚ್ಚಳದ ಸುತ್ತಲೂ ಬಿಸಿನೀರು ಕಾರಂಜಿಯ ಹಾಗೆ ಹಾರಿತು. ನನ್ನ ಸೀರೆ ತೋಯ್ದಿತು, ಮೈಗೆ ಏನಾಗಲಿಲ್ಲ. ನಿಲ್ಲಿಸಿ ನೋಡಿದರೆ ಮುಚ್ಚಳದ ಅಂಚಿನ ರಬ್ಬರ್ ಬಳೆ ಇಲ್ಲ. ಹರಿದಿಲ್ಲ, ಕರಗಿಲ್ಲ. ಇಲ್ಲ, ಅಷ್ಟೇ.

ಮನೆಯೆಲ್ಲ ಹುಡುಕಿದರು. ಇಲಿ ಒಯ್ದಿತು ಅಂದರು. ಮಾವ ಗಿರಣಿಯ ಬೆಲ್ಟಿನ ರಬ್ಬರು ಕತ್ತರಿಸಿ ಹಚ್ಚಿದರು. ದಪ್ಪವಾಗಿ ಮುಚ್ಚಳವೇ ಕೂಡಲಿಲ್ಲ. ಎಲ್ಲರ ಮುಖ ನೋಡಿದರು, ನನ್ನದನ್ನು ಹೆಚ್ಚು ಹೊತ್ತು ನೋಡಿದರು. ನಾನು ತೆಗೆದಿಲ್ಲ ಅವ್ವಾ. ನಿನ್ನ ಆಣೆ. ತೆಗೆಯಬಹುದು ಎಂದು ನನಗೆ ಹೊಳೆದೇ ಇರಲಿಲ್ಲ. ಹೊಳೆಯಲಿಲ್ಲವಲ್ಲ ಎಂದು ಈಗ ನಾಚಿಕೆ.

ಈಗ ಅತ್ತೆ ಮತ್ತೆ ಹಿತ್ತಲ ಕಲ್ಲಿಗೆ ಕುಳಿತಿದ್ದಾರೆ. ನಾನು ಹೋದರೆ, "ಇವು ನನ್ನ ಭಾಂಡೆ. ನೀ ನಿನ್ನ ಅವ್ವಗ ಕಾಗದ ಬರಿ, ಹೋಗು" ಅಂದರು. ಅದಕ್ಕೇ ಬರೆದೆ.

ಮುತ್ತವ್ವ


ಬೆಂಗೇರಿ
9 ಮೇ 1963

ಬೀಗರಾದ ಗಿರಿಯಪ್ಪನವರಿಗೆ,

ಮಿಶನ್ನು ಕೆಟ್ಟ ಸುದ್ದಿ ತಿಳಿದು ನನಗೂ ಮನಸ್ಸು ಸರಿಯಿಲ್ಲ. ತಾವು ಯಂತ್ರ ಬಲ್ಲವರು. ಬಳೆಯಿಲ್ಲದ ಮುಚ್ಚಳ ಎಂದರೆ ಬೆಲ್ಟಿಲ್ಲದ ಗಿರಣಿ ಎಂದು ತಮಗೆ ನಾನು ಹೇಳಬೇಕಿಲ್ಲ. ಅದು ಈ ದೇಶದ್ದಲ್ಲ. ಬಳೆ ವಿಲಾಯತಿಯಿಂದ ಹಡಗಿನಲ್ಲಿ ಬರಬೇಕಾದೀತು. ಹಡಗಿಗೆ ನಾವು ಅವಸರ ಮಾಡಲಾಗುವುದಿಲ್ಲ.

ಆದ್ದರಿಂದ ಮಿಶನ್ನನ್ನು ಇಲ್ಲಿಗೆ ಕಳಿಸಿರಿ. ಬಿಚ್ಚಿ, ತುಕ್ಕು ತೆಗೆದು ಇಡಿಸುತ್ತೇನೆ. ಜೊತೆಗೆ ಮುತ್ತವ್ವನನ್ನು ಕಳಿಸಿರಿ. ನಾನು ಕಟ್ಟಳೆಯನ್ನು ಹಿಂದಕ್ಕೆ ತೆಗೆದುಕೊಂಡದ್ದು ತಮಗೆ ಒಪ್ಪಿಗೆಯಾಗಿರಲಿಲ್ಲ. ವಿಚಾರ ಮಾಡಿ ನೋಡಿದೆ, ತಾವು ಹೇಳಿದ್ದೇ ಸರಿ. ಮಿಶನ್ನು ಇದ್ದಲ್ಲಿ ಅವಳು ಇರಬೇಕು. ತಮ್ಮ ದೇವರ ಗೂಡಿನಲ್ಲಿ ಕಾಗದ ಇದ್ದೇ ಇದೆ.

ಸಂಗವ್ವ


ಬೆಂಗೇರಿ
21 ಜುಲೈ 1963

ಮುತ್ತವ್ವಾ,

ಧಾರವಾಡದ ಟ್ರೇನಿಂಗ್ ಕಾಲೇಜಿನ ಹಾಸ್ಟೆಲಿನ ಅನ್ನ ಹೇಗಿದೆ, ಅದನ್ನು ಮೊದಲು ಬರಿ. ತಾಟು ಯಾರು ತೊಳೆಯುತ್ತಾರೆ ಅದನ್ನೂ ಬರಿ.

ನಿನ್ನೆ ನಿನ್ನ ಮಾವ ಬಂದಿದ್ದರು. ನಾನು ತಯಾರಿದ್ದೆ. ಮಿಶನ್ನನ್ನು ಅಂಗಡಿಯ ನಡುವೆಯೇ ಇಡಿಸಿ, ಹೊಟ್ಟೆ ಬಿಚ್ಚಿಸಿ, ಸ್ಕ್ರೂಗಳನ್ನು ಒಂದು ಪರಾತದಲ್ಲಿ ಹರಡಿಸಿದ್ದೆ. ಮಕಬೂಲಸಾಬ ಪಕ್ಕದಲ್ಲಿ ಕುಳಿತಿದ್ದ. ಅವನು ಮೊದಲ ದಿನವೇ ನನಗೆ ಹೇಳಿದ್ದ, ಲಾರಿಯ ಟ್ಯೂಬಿನಿಂದ ಬಳೆ ಕತ್ತರಿಸಿ ಸಂಜೆಯೊಳಗೆ ಹಚ್ಚಬಲ್ಲೆ ಎಂದು. ಚಹಾ ಕುಡಿ ಎಂದೆ. ಒಳ್ಳೆಯ ಮನುಷ್ಯ, ಕುಡಿದ. ಆಮೇಲೆ ಟ್ಯೂಬಿನ ಮಾತು ತೆಗೆದಿಲ್ಲ. ನಿನ್ನೆ ಮಾವ ಕೇಳಿದ್ದಕ್ಕೆ, "ಇದು ನಾಜೂಕ ಸಾಮಾನ್ರೀ ಗಿರಿಯಪ್ಪನವರ, ಒರಿಜಿನಲ್ ಬೇಕು" ಎಂದು ಮುಖ ಗಂಭೀರ ಮಾಡಿದ.

ಮಾವ ಸುತ್ತ ನೋಡಿ ಕೇಳಿದರು, "ಮುತ್ತವ್ವ ಎಲ್ಲೆ?"

ನಾನಂದೆ, "ಮಿಶನ್ ರಿಪೇರಿಗೆ ಹಾಕೇವ್ರಿ, ಆಕಿನ್ನ ಸಾಲಿಗೆ ಹಾಕೇವಿ. ಎರಡೂ ತಯಾರಾದ ಮ್ಯಾಲೆ ಕೂಡೇ ಬರ್ತಾವ."

ಅವರು ಪರಾತದ ಸ್ಕ್ರೂಗಳನ್ನು ಬಹಳ ಹೊತ್ತು ನೋಡಿದರು. ಒಂದನ್ನು ಎತ್ತಿ ಮತ್ತೆ ಇಟ್ಟರು. ಕೈ ಹಚ್ಚಬಾರದು ಎಂದು ನೆನಪಾಗಿರಬೇಕು. "ನಿಶ್ಚೆದಾಗ ಮಾತು ಆಗಿತ್ತಲ್ಲ, ಖರೇ" ಅಂದು ಟೋಪಿ ಹಾಕಿಕೊಂಡು ಹೋದರು. ಕೆಟ್ಟವರಲ್ಲ ಮುತ್ತವ್ವಾ. ತಮ್ಮ ಕೈಗೆ ಬಂದದ್ದು ಸುಮ್ಮನೆ ನಿಲ್ಲಬಾರದು ಎನ್ನುವವರು. ನಾನೂ ಅಂಥವಳೇ. ಅದಕ್ಕೇ ಅವರಿಗೆ ನಾನು ತಿಳಿದೆ, ನನಗೆ ಅವರು ತಿಳಿದರು. ನಡುವೆ ಸಿಕ್ಕವಳು ನೀನು.

ಒಂದು ಮಾತು ಹೇಳು, ನೀನು ಇಲ್ಲಿದ್ದಾಗ ಮಂದಿಯ ಮುಂದೆ ಕೇಳಲಿಲ್ಲ. ಈಗ ಯಾರೂ ಒಡೆದು ಓದುವವರಿಲ್ಲ. ಬಳೆ ಎಲ್ಲಿಟ್ಟೆ?

ಸಂಗವ್ವ


ಧಾರವಾಡ
2 ಆಗಸ್ಟ್ 1963

ಅವ್ವಾ,

ಅನ್ನ ಹಸಿ. ತಾಟು ಅವರವರದನ್ನು ಅವರವರೇ. ನಳದ ಕೆಳಗೆ ನಲವತ್ತು ಹುಡುಗಿಯರು ಗದ್ದಲ ಮಾಡುತ್ತ ತೊಳೆಯುತ್ತೇವೆ. ನನ್ನ ಒಂದು ತಾಟು, ಸಾರಿಗೆ ಒಂದು ವಾಟಗಾ, ಒಂದು ತಂಬಿಗೆ. ಮೊದಲ ದಿನ ತೊಳೆದು ಮುಗಿದ ಮೇಲೂ ನಾನು ಅಲ್ಲೇ ನಿಂತಿದ್ದೆ. ಇನ್ನೂ ಬರುತ್ತವೆ ಎಂದು. ಹಿಂದಿನವಳು ಸರಿ ಎಂದು ನೂಕಿದಳು.

ಇವರು ರವಿವಾರ ಅವಲಕ್ಕಿ ತಂದು ಗೇಟಿನಲ್ಲಿ ನಿಂತಿರುತ್ತಾರೆ. ಊರಲ್ಲಿ ಕಪ್ಪು-ಬಸಿ ಮತ್ತೆ ಅಟ್ಟ ಏರಿವೆಯಂತೆ. ರೈತರಿಗೆ ಚಹಾ ನಿಂತಿದೆ.

ಬಳೆ ನಾನು ತೆಗೆದಿಲ್ಲ ಎಂದು ಆಗಲೇ ಆಣೆ ಮಾಡಿ ಬರೆದಿದ್ದೆ. ನೀನೇ ಯಾರ ಕೈಯಿಂದಲೋ ತೆಗೆಸಿದ್ದೀ ಎಂದು ನಾನು ತಿಳಿದಿದ್ದೆ. ಇವರನ್ನು ಕೇಳಿದೆ, ಇವರೂ ಇಲ್ಲ ಅಂದರು. ಇವರಿಗೆ ಸುಳ್ಳು ಹೇಳಲಿಕ್ಕೆ ಬರುವುದಿಲ್ಲ, ಕಿವಿ ಕೆಂಪಾಗುತ್ತವೆ. ಆಗಲಿಲ್ಲ.

ಮುತ್ತವ್ವ


ಬೆಂಗೇರಿ
16 ಮೇ 1965

ಮುತ್ತವ್ವಾ,

ನೀನು ಪಾಸಾದದ್ದನ್ನು ಊರಿಗೆಲ್ಲ ಹೇಳಿ ಮುಗಿಸಿದೆ. ಮಕಬೂಲಸಾಬನ ಮಗಳು ಮೈಮುನಾ ತಾನೂ ಟ್ರೇನಿಂಗಿಗೆ ಹೋಗುತ್ತೇನೆ ಎಂದು ಹಟ ಹಿಡಿದಿದ್ದಾಳಂತೆ. ನನ್ನನ್ನು ಬೈಯುತ್ತ ಹೇಳಿದ, ಆದರೆ ನಗುತ್ತ ಬೈದ.

ಈಗ ಇನ್ನೊಂದು. ನಿನ್ನೆ ಅಳಿಯಂದಿರು ಬಂದು ಒಂದು ಭರಣಿ ಇಟ್ಟು ಹೋದರು. ನಿನ್ನ ಅತ್ತೆ ಕಳಿಸಿದ ಮಾವಿನ ಉಪ್ಪಿನಕಾಯಿ. ಅರಿವೆ ಹೊದಿಸಿ ಬಾಯಿ ಕಟ್ಟಿತ್ತು. ದಾರವಲ್ಲ. ಕರಿ ರಬ್ಬರು, ಮೂರು ಸುತ್ತು.

ಬಿಚ್ಚಿದೆ. ನೆಲದ ಮೇಲೆ ಹರಡಿದೆ. ಮಿಶನ್ನಿನ ಮುಚ್ಚಳ ತಂದು ಮೇಲಿಟ್ಟು ನೋಡಿದೆ. ಬೇಕಾಗಿರಲಿಲ್ಲ, ಆದರೂ ತೂಗದೆ ನಂಬುವ ಅಭ್ಯಾಸ ನನಗಿಲ್ಲ. ಸರಿಯಾಗಿ ಕೂತಿತು.

ಅಳಿಯಂದಿರಿಗೆ ಏನೂ ಗೊತ್ತಿಲ್ಲ. ಅವರ ಅವ್ವ ಹೇಳಿ ಕಳಿಸಿದ್ದನ್ನು ಹೇಳಿದರು, ಅಷ್ಟೇ: "ಭರಣಿ ತೊಳದು ತಿರಿಗಿ ಕಳಸ್ರಿ ಅಂತ. ಕೈಲೆ ತೊಳೀರಿ ಅಂತ."

ನಾಲ್ಕು ವರ್ಷ ಆಯಿತು ಬೀಗತನ ಮಾಡಿ. ನಿನ್ನ ಅತ್ತೆ ಮುದಕವ್ವನವರ ಹೆಸರನ್ನು ನಾನು ಒಂದು ಕಾಗದದಲ್ಲೂ ಬರೆದಿರಲಿಲ್ಲ. ಇವತ್ತು ಬರೆದೆ.

ನಾನು ತಲೆ ಕೆಡಿಸಿಕೊಂಡಿದ್ದೇನೆ. ಅವರು ನಿನಗಾಗಿ ತೆಗೆದರೋ, ತಮ್ಮ ಕಲ್ಲು ತಮಗೆ ಬೇಕೆಂದು ತೆಗೆದರೋ? ಈಗ ಕಳಿಸಿದ್ದು ಹೋಗು ಎಂದೋ, ಬಾ ಎಂದೋ? ನಾನು ಮಿಶನ್ನು ಕಳಿಸಿದಾಗ ಅವರನ್ನು ಕೇಳಿರಲಿಲ್ಲ. ನಿನಗಿಂತ ಮೊದಲಿನಿಂದ ಆ ಮನೆಯಲ್ಲಿ ಮುಸುರಿ ತಿಕ್ಕುತ್ತಿದ್ದವರು ಅವರು, ಮತ್ತು ನಾನು ಅವರನ್ನೇ ಕೇಳಿರಲಿಲ್ಲ. ನನ್ನ ಕೈಯ ಒಡಕನ್ನೇ ಎಲ್ಲರ ಕೈಯಲ್ಲೂ ನೋಡಿದೆ.

ಮಕಬೂಲಸಾಬ ಒಂದು ಗಂಟೆಯ ಕೆಲಸ ಅನ್ನುತ್ತಾನೆ. ಬಳೆ ಹಚ್ಚಿದರೆ ಮಿಶನ್ನು ಹೊರಡುತ್ತದೆ, ಮಿಶನ್ನು ಹೊರಟರೆ ನೀನು. ಮಾವ ಮೂರು ಕಾರ್ಡು ಹಾಕಿದ್ದಾರೆ, ಹಡಗು ಎಲ್ಲಿದೆ ಎಂದು. ಏನು ಬರೆಯಲಿ? ಈ ಸಲ ನಾನು ಕಟ್ಟಳೆ ಮಾಡುವುದಿಲ್ಲ. ನೀನು ಹೇಳು.

ಭರಣಿ ತೊಳೆದಿಟ್ಟಿದ್ದೇನೆ. ಕೈಯಿಂದ.

ಸಂಗವ್ವ


ಧಾರವಾಡ
23 ಮೇ 1965

ಅವ್ವಾ,

ನಿನ್ನ ಕಾಗದವನ್ನು ಹಾಸ್ಟೆಲಿನ ನಳದ ಹತ್ತಿರ ಕುಳಿತು ಓದಿದೆ. ಹುಡುಗಿಯರೆಲ್ಲ ಊರಿಗೆ ಹೋಗಿದ್ದಾರೆ, ನಳ ಒಂದೇ ತೊಟ್ಟಿಕ್ಕುತ್ತಿದೆ.

ನಾನು ಇಲ್ಲಿ ಕಾಯುತ್ತಿದ್ದ ಕೆಲಸದ ಆರ್ಡರು ಬಂದಿದೆ. ಮುಗದದ ಮುಂದಿನ ಸ್ಟೇಶನ್ನಿನ ಹತ್ತಿರದ ಒಂದು ಸಾಲಿ. ಬೆಳಗಿನ ಗಾಡಿಗೆ ಹೋಗಬೇಕು, ಸಂಜೆಯ ಗಾಡಿಗೆ ಬರಬಹುದು. ಮಾವ ಏನು ಅನ್ನುತ್ತಾರೋ ಗೊತ್ತಿಲ್ಲ. ಅತ್ತೆ ಏನೂ ಅನ್ನುವುದಿಲ್ಲ. ಅವರು ಅನ್ನದೇ ಇದ್ದದ್ದು ನನಗೆ ಎರಡು ವರ್ಷ ಓದಲಿಕ್ಕೆ ಬಂದಿರಲಿಲ್ಲ.

ಅವರು ಯಾಕೆ ತೆಗೆದರು ಎಂದು ನಾನು ಕೇಳುವುದಿಲ್ಲ. ಬೆಳಿಗ್ಗೆ ಗಾಡಿಯ ಮೊದಲು ಹಿತ್ತಲ ಕಲ್ಲಿಗೆ ಹೋಗಿ ನನ್ನ ಪಾಲಿನ ಭಾಂಡೆ ತಿಕ್ಕುತ್ತೇನೆ. ನನ್ನ ಪಾಲಿನವು ಮಾತ್ರ. ಮಿಕ್ಕಿದ್ದನ್ನು ಇವರು ಕಲಿಯಲಿ, ಅದಕ್ಕೆ ನಿನ್ನ ಕಟ್ಟಳೆ ಇಲ್ಲ.

ಮಿಶನ್ನನ್ನು ಜೋಡಿಸಬೇಡ. ಸ್ಕ್ರೂಗಳು ಪರಾತದಲ್ಲೇ ಇರಲಿ. ಮಾವ ಕೇಳಿದರೆ ಬಳೆ ನಿನ್ನ ಹತ್ತಿರ ಇಲ್ಲ ಎಂದು ಬರಿ. ಸುಳ್ಳಾಗುವುದಿಲ್ಲ, ಯಾಕೆಂದರೆ ಅದನ್ನು ನಾನು ಒಯ್ಯುತ್ತೇನೆ.

ಶನಿವಾರ ಬೆಂಗೇರಿಗೆ ಬಂದು ರವಿವಾರದ ಗಾಡಿಗೆ ಮುಗದಕ್ಕೆ ಹೋಗುತ್ತೇನೆ. ಭರಣಿಯನ್ನು ನಾನೇ ತಿರುಗಿ ಕೊಡಬೇಕು. ಬರಿದಾಗಿ ಕೊಡಬಾರದಲ್ಲ, ನಾನು ಪಾಸಾದದ್ದಕ್ಕೆ ಸಕ್ಕರೆ ತುಂಬು. ಬಾಯಿಗೆ ಅದೇ ಅರಿವೆ ಹೊದಿಸು, ಅದರ ಮೇಲೆ ಅದೇ ಬಳೆ, ಮೂರು ಸುತ್ತು. ಅವರು ಕಟ್ಟಿದ್ದ ಹಾಗೆಯೇ. ದಾರಿಯಲ್ಲಿ ಯಾರೂ ಬಿಚ್ಚುವುದಿಲ್ಲ.

ಮುತ್ತವ್ವ